ತೊರೆಯ ತಪ್ಪೇನು?

ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ "ಗಡಿಗಳೇ ಮಾನವಕುಲದ ಶತ್ರು" ಎಂಬ ವಿಷಯದ ಪರವಾಗಿ ಮಾತನಾಡಿ ನಾನು ಎರಡನೆಯ ಬಹುಮಾನವನ್ನು ಪಡೆದದ್ದು ವಾಚಕ ಮಿತ್ರರಲ್ಲಿ ಕೆಲವರಿಗಾದರೂ ನೆನಪಿರಬಹುದು. ಆ ಬಹುಮಾನವನ್ನು ಹಿಂದಿರುಗಿಸುವ ಉದ್ದೇಶ ನನಗಿಲ್ಲ. ಆದರೆ ಅಂದು ಆಡಿದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ. ಅದಕ್ಕಾಗಿಯೇ ಈ ಲೇಖನ.

ಅಂದಿನ ಭಾಷಣದಲ್ಲಿ ನಾನು ಜರ್ಮನಿಯ ಮೋಡ್ಲರಾಯ್ಟ್ ಎಂಬ ಪುಟ್ಟ ಹಳ್ಳಿಯ ಹೆಸರನ್ನೆತ್ತಿದ್ದೆ. "ಐವತ್ತು ಜನರಿರುವ ಊರನ್ನು ಗಡಿಯೆಂಬ ರಾಕ್ಷಸನು ಎರಡಾಗಿ ಸೀಳಿದನು" ಎಂದು ಮೇಜನ್ನು ಗುದ್ದಿ ಹೇಳಿದಾಗ ಸಭೆಯಲ್ಲಿ ಚಪ್ಪಾಳೆಯೂ ಬಿದ್ದಿತ್ತು. ಸ್ಪರ್ಧೆ ಮುಗಿದ ಮೇಲೆ ನಮ್ಮ ಇತಿಹಾಸದ ಮೇಷ್ಟ್ರು ನನ್ನನ್ನು ಕರೆದು, "ಚೆನ್ನಾಗಿ ಮಾತಾಡಿದೆಯಪ್ಪ. ಆದರೆ ಆ ಊರಿನ ನಡುವೆ ಗಡಿ ಈಗಲೂ ಇದೆಯಲ್ಲ, ಅದಕ್ಕೇನು ಹೇಳುತ್ತೀ?" ಎಂದು ಕೇಳಿದರು. ನಾನು ತಬ್ಬಿಬ್ಬಾದೆ. ಗೋಡೆ ಬಿದ್ದ ಮೇಲೆ ಗಡಿಯೂ ಹೋಯಿತೆಂದೇ ನಾನು ತಿಳಿದಿದ್ದೆ. ಮೇಷ್ಟ್ರು ನಕ್ಕು, "ಓದಿ ನೋಡು" ಎಂದಷ್ಟೇ ಹೇಳಿ ಸೈಕಲ್ಲನ್ನೇರಿ ಹೊರಟುಹೋದರು.

ಓದಿ ನೋಡಿದೆ. ಆ ಊರನ್ನು ನಾನು ಕಣ್ಣಾರೆ ಕಂಡವನಲ್ಲ. ನಕ್ಷೆಗಳು, ಹಳೆಯ ಛಾಯಾಚಿತ್ರಗಳು, ಗ್ರಂಥಾಲಯದಲ್ಲಿ ಸಿಕ್ಕ ನಾಲ್ಕಾರು ಬರಹಗಳು, ಇವೇ ನನ್ನ ಪ್ರವಾಸದ ಸಾಮಗ್ರಿ. ಆದರೂ ಆ ಊರಿನ ಬೀದಿಯಲ್ಲಿ ಒಮ್ಮೆ ನಡೆದುಬಂದೆನೋ ಎಂಬಷ್ಟು ಅದು ನನ್ನ ಮನಸ್ಸನ್ನು ಹಿಡಿದುಕೊಂಡಿದೆ.

ಮೊದಲು ಊರು ಇರುವ ಸ್ಥಳವನ್ನು ಹೇಳುತ್ತೇನೆ. ಜರ್ಮನಿಯ ದಕ್ಷಿಣದ ದೊಡ್ಡ ರಾಜ್ಯ ಬವೇರಿಯ. ಅದರ ಈಶಾನ್ಯ ಮೂಲೆಯಲ್ಲಿ ಹೋಫ್ ಎಂಬ ನಗರವಿದೆ. ಅಲ್ಲಿಂದ ಉತ್ತರಕ್ಕೆ ಸುಮಾರು ಹದಿನೈದು ಕಿಲೋಮೀಟರ್ ಹೋದರೆ ಏರಿಳಿತದ ಹೊಲಗಳೂ ಹುಲ್ಲುಗಾವಲುಗಳೂ ಕಡುಹಸುರಿನ ಕಾಡುಗಳೂ ಒಂದಾದ ಮೇಲೊಂದರಂತೆ ಬರುವ ಸೀಮೆ. ಬರ್ಲಿನ್ನಿನಿಂದ ನ್ಯೂರೆಂಬರ್ಗಿಗೆ ಹೋಗುವ ಹೆದ್ದಾರಿ ಅಲ್ಲಿಗೆ ಅಷ್ಟೇನೂ ದೂರವಲ್ಲ. ಇಂಥ ಒಂದು ತಗ್ಗಿನಲ್ಲಿ ಟಾನ್‌ಬಾಖ್ ಎಂಬ ತೊರೆ ಹರಿಯುತ್ತದೆ. ಟಾನ್ ಎಂದರೆ ಅಲ್ಲಿನ ಸೂಜಿಯೆಲೆಯ ಮರ, ಬಾಖ್ ಎಂದರೆ ತೊರೆ. ತೊರೆಯೆಂದು ಹೇಳುವುದೂ ಅದಕ್ಕೆ ದೊಡ್ಡ ಮರ್ಯಾದೆಯೇ ಸರಿ. ಹುಡುಗರು ಒಂದೇ ನೆಗೆತಕ್ಕೆ ದಾಟಬಹುದಾದ ನೀರು ಅದು. ಅದರ ಎರಡೂ ಕಡೆ ಕೆಲವು ರೈತರ ಮನೆಗಳು, ಕೊಟ್ಟಿಗೆಗಳು, ಒಂದು ಕೊಳ. ಇಷ್ಟೇ ಮೋಡ್ಲರಾಯ್ಟ್. ಇಡೀ ಊರಿನ ಜನಸಂಖ್ಯೆ ನಮ್ಮ ಒಂದು ತರಗತಿಯ ಹಾಜರಿ ಪುಸ್ತಕದೊಳಗೆ ಹಿಡಿಸುವಷ್ಟು, ಎಂದರೆ ನಲವತ್ತು ಐವತ್ತು ಮಂದಿ.

ಊರಿನ ಹೆಸರಿನಲ್ಲಿಯೇ ಅದರ ಹುಟ್ಟಿನ ಕಥೆಯಿದೆ. ಆ ಸೀಮೆಯಲ್ಲಿ "ರಾಯ್ಟ್" ಎಂದು ಕೊನೆಗೊಳ್ಳುವ ಊರುಗಳು ಬಹಳ. ಸಂಗೀತಕ್ಕೆ ಹೆಸರಾದ ಬೈರಾಯ್ಟ್ ನಗರವೂ ಅವುಗಳಲ್ಲೊಂದು. ಕಾಡನ್ನು ಕಡಿದು ಬೇರು ಕಿತ್ತು ಹಸನು ಮಾಡಿದ ನೆಲವೆಂದು ಆ ಪದದ ಅರ್ಥ. ಎಂದರೆ ಈ ಊರನ್ನು ಮಾಡಿದವರು ಕೊಡಲಿ ಹಿಡಿದ ಒಕ್ಕಲಿಗರು. ಯಾವ ದೊರೆಯೂ ಕಟ್ಟಿಸಿದ ಊರಲ್ಲ ಇದು. ದೊರೆಗಳು ಬಂದದ್ದು ಆಮೇಲೆ, ಗೆರೆ ಎಳೆಯುವುದಕ್ಕೆ.

ಆ ಗೆರೆಯೂ ಹೊಸದೇನಲ್ಲ. ತೊರೆಯ ಒಂದು ದಡ ಒಬ್ಬ ಪ್ರಭುವಿಗೆ, ಇನ್ನೊಂದು ದಡ ಮತ್ತೊಬ್ಬ ಪ್ರಭುವಿಗೆ ಸೇರಿದ್ದು ಬಹಳ ಹಿಂದಿನಿಂದ ಬಂದ ಸಂಗತಿ. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ, 1810ರಲ್ಲಿ, ದಕ್ಷಿಣದ ಭಾಗ ಬವೇರಿಯ ರಾಜ್ಯದ ಪಾಲಿಗೆ ಬಂದಾಗ ತೊರೆಯುದ್ದಕ್ಕೂ ಗಡಿಕಲ್ಲುಗಳನ್ನು ನೆಟ್ಟರು. ಒಂದು ಕಡೆ ಬವೇರಿಯ ರಾಜ್ಯದ ಅಕ್ಷರಗಳು, ಇನ್ನೊಂದು ಕಡೆ ರಾಯ್ಸ್ ಎಂಬ ಚಿಕ್ಕ ಸಂಸ್ಥಾನದ ಅಕ್ಷರಗಳು. ಒಂದನೆಯ ಮಹಾಯುದ್ಧದ ಕೊನೆಗೆ, 1918ರಲ್ಲಿ, ರಾಜರೂ ಹೋದರು, ಸಂಸ್ಥಾನಾಧಿಪತಿಗಳೂ ಹೋದರು. 1920ರಲ್ಲಿ ಉತ್ತರದ ಆ ಚಿಕ್ಕ ಸಂಸ್ಥಾನಗಳೆಲ್ಲ ಕೂಡಿ ಥುರಿಂಗಿಯ ರಾಜ್ಯವಾಯಿತು. ಗಡಿಕಲ್ಲುಗಳು ಮಾತ್ರ ಇದ್ದಲ್ಲಿಯೇ ಇದ್ದವು.

ಇಲ್ಲಿ ವಾಚಕರು ಒಂದು ಕ್ಷಣ ನಿಲ್ಲಬೇಕೆಂದು ಪ್ರಾರ್ಥನೆ. ಈ ನೂರಾರು ವರ್ಷಗಳ ಕಾಲ ಊರಿನ ಜನರು ಹೇಗೆ ಬಾಳಿದರು? ಶಾಲೆಯೂ ಪಾನಗೃಹವೂ ಥುರಿಂಗಿಯದ ದಡದಲ್ಲಿದ್ದವು. ಎರಡೂ ದಡದ ಮಕ್ಕಳು ಅಲ್ಲಿಯೇ ಅಕ್ಷರ ಕಲಿತರು, ಎರಡೂ ದಡದ ಗಂಡಸರು ಸಂಜೆ ಅಲ್ಲಿಯೇ ಕುಳಿತು ಹರಟಿದರು. ಭಾನುವಾರದ ಪ್ರಾರ್ಥನೆಗೆ ಎಲ್ಲರೂ ಬವೇರಿಯದ ಟೋಪೆನ್ ಎಂಬ ನೆರೆಯೂರಿನ ಚರ್ಚಿಗೆ ಹೋದರು. ಮದುವೆಗಳು ತೊರೆಯನ್ನು ದಾಟಿ ನಡೆದವು, ಹೊಲಗಳು ತೊರೆಯಾಚೆಯೂ ಇದ್ದವು. ಕಂದಾಯ ಕಟ್ಟುವಾಗಲೋ ಕಾಗದಪತ್ರ ಮಾಡಿಸುವಾಗಲೋ ಮಾತ್ರ ತಾವು ಎರಡು ರಾಜ್ಯದವರೆಂಬುದು ಅವರಿಗೆ ನೆನಪಾಗುತ್ತಿದ್ದಿರಬೇಕು. ಗಡಿ ಇತ್ತು, ಬೇಲಿ ಇರಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ಸೋಲುವ ಮೊದಲೇ, 1944ರಲ್ಲಿ, ಗೆಲ್ಲಲಿದ್ದ ರಾಷ್ಟ್ರಗಳ ಪ್ರತಿನಿಧಿಗಳು ಲಂಡನ್ನಿನಲ್ಲಿ ನಕ್ಷೆಯನ್ನು ಹರಡಿಕೊಂಡು ಯಾವ ಭಾಗ ಯಾರ ಸೈನ್ಯದ ವಶಕ್ಕೆಂದು ಗೊತ್ತುಮಾಡಿದರು. ಹೊಸ ಗೆರೆ ಎಳೆಯುವ ಶ್ರಮವೇಕೆಂದು ಹಳೆಯ ರಾಜ್ಯಗಳ ಗಡಿಯನ್ನೇ ಹಿಡಿದರು. ಬವೇರಿಯ ಅಮೆರಿಕದವರಿಗೆ, ಥುರಿಂಗಿಯ ಸೋವಿಯತ್ ರಷ್ಯಕ್ಕೆ. ಆ ಮೇಜಿನ ಸುತ್ತ ಕುಳಿತವರಲ್ಲಿ ಯಾರೊಬ್ಬರಾದರೂ ಮೋಡ್ಲರಾಯ್ಟಿನ ಹೆಸರನ್ನು ಕೇಳಿದ್ದರೆಂದು ನನಗೆ ತೋರುವುದಿಲ್ಲ. ಆದರೆ ಅವರ ಲೇಖನಿ ಟಾನ್‌ಬಾಖ್ ತೊರೆಯ ಮೇಲೆಯೇ ಹಾದುಹೋಯಿತು. 1949ರಲ್ಲಿ ಜರ್ಮನಿ ಎರಡು ರಾಷ್ಟ್ರಗಳಾದಾಗ, ಒಂದು ನೆಗೆತದ ಆ ನೀರು ಎರಡು ರಾಷ್ಟ್ರಗಳ ಗಡಿಯಾಗಿ, ಅಷ್ಟೇ ಅಲ್ಲದೆ ಜಗತ್ತಿನ ಎರಡು ಬಣಗಳ ಗಡಿಯಾಗಿ ಪರಿಣಮಿಸಿತು.

ಆಗಲೂ ಮೊದಲ ಕೆಲವು ವರ್ಷ ಚೀಟಿ ತೋರಿಸಿ ದಾಟಬಹುದಿತ್ತು. ನಿಜವಾದ ಕೇಡು ಬಂದದ್ದು 1952ರ ಮೇ 26ರ ಆಜ್ಞೆಯೊಂದಿಗೆ. ಪೂರ್ವ ಜರ್ಮನಿಯ ಸರ್ಕಾರ ಗಡಿಯುದ್ದಕ್ಕೂ ಮೂರು ಪಟ್ಟಿಗಳನ್ನು ಗುರುತಿಸಿತು. ಗಡಿಗೆ ಅಂಟಿದಂತೆ ಹತ್ತು ಮೀಟರ್ ಅಗಲದ, ಯಾರೂ ಕಾಲಿಡಬಾರದ ಉತ್ತ ನೆಲ. ಅದರ ಹಿಂದೆ ಐದುನೂರು ಮೀಟರಿನ ಕಾವಲು ವಲಯ. ಅದಕ್ಕೂ ಹಿಂದೆ ಐದು ಕಿಲೋಮೀಟರಿನ ನಿಷಿದ್ಧ ವಲಯ. ಮೋಡ್ಲರಾಯ್ಟಿನ ಪೂರ್ವಭಾಗ ಇಡಿಯಾಗಿ ಐದುನೂರು ಮೀಟರಿನೊಳಗೆ ಸಿಕ್ಕಿಬಿತ್ತು. ಅದರ ಮರುತಿಂಗಳೇ, ನಂಬಿಕೆಗೆ ಅರ್ಹರಲ್ಲವೆಂದು ಅಧಿಕಾರಿಗಳಿಗೆ ತೋರಿದ ಕುಟುಂಬಗಳನ್ನು ಗಡಿಯುದ್ದಕ್ಕೂ ಮನೆಗಳಿಂದೆಬ್ಬಿಸಿ ಒಳನಾಡಿಗೆ ಸಾಗಿಸಿದರು. ಹೀಗೆ ಊರು ಬಿಟ್ಟವರು ಎಂಟು ಸಾವಿರಕ್ಕೂ ಹೆಚ್ಚು. ಆ ಕಾರ್ಯಾಚರಣೆಗೆ ಬಿದ್ದ ಹೆಸರಿನ ಅರ್ಥ "ಕ್ರಿಮಿಕೀಟ" ಎಂದು. ಮನುಷ್ಯರನ್ನು ಹೊರಹಾಕಬೇಕಾದರೆ ಮೊದಲು ಅವರ ಹೆಸರನ್ನು ಬದಲಾಯಿಸಬೇಕಾಗುತ್ತದೆ. ಇದು ನಮ್ಮ ಪಠ್ಯಪುಸ್ತಕದಲ್ಲಿಲ್ಲದ ಒಂದು ಪಾಠ.

ಊರಿನ ನಡುವೆ ಮೊದಲು ಹಲಗೆಯ ಬೇಲಿ ಬಂತು, ಬಳಿಕ ಮುಳ್ಳುತಂತಿ ಬಂತು, ಕೊನೆಗೆ 1966ರಲ್ಲಿ ಕಾಂಕ್ರೀಟಿನ ಗೋಡೆ ಎದ್ದಿತು. ಏಳುನೂರು ಮೀಟರ್ ಉದ್ದ, ಮೂರು ಮೀಟರಿಗೂ ಮಿಕ್ಕ ಎತ್ತರ. ಬರ್ಲಿನ್ನಿನ ಗೋಡೆಗೆ ಆಗ ಐದು ವರ್ಷ ತುಂಬಿತ್ತು. ಅದನ್ನು ಕಂಡಿದ್ದ ಅಮೆರಿಕದ ಸೈನಿಕರು ಈ ಹಳ್ಳಿಗೆ "ಪುಟ್ಟ ಬರ್ಲಿನ್" ಎಂದು ಹೆಸರಿಟ್ಟರು. ನೂರು ಜನರೂ ಇಲ್ಲದ ಊರಿಗೆ ಮಹಾನಗರದ ಹೆಸರು! ಇಂಥ ಗೌರವ ಯಾವ ಹಳ್ಳಿಗೂ ಬಾರದಿರಲಿ. ಗೋಡೆಯ ಹಿಂದೆ ಕಾವಲು ಗೋಪುರ, ರಾತ್ರಿಯೆಲ್ಲ ಉರಿಯುವ ದೀಪಗಳು, ಬಂದೂಕು ಹಿಡಿದ ಕಾವಲುಗಾರರು. ಪಶ್ಚಿಮದ ಭಾಗದಲ್ಲಿ ಈ ವಿಚಿತ್ರವನ್ನು ನೋಡಲು ಜನ ವಾಹನಗಳಲ್ಲಿ ಬರುತ್ತಿದ್ದರು. 1983ರಲ್ಲಿ ಅಮೆರಿಕದ ಉಪಾಧ್ಯಕ್ಷರಾಗಿದ್ದ ಜಾರ್ಜ್ ಬುಷ್ ಅವರೂ ಬಂದು ನೋಡಿಹೋದರು. ಪೂರ್ವದ ಭಾಗಕ್ಕಾದರೋ ಸ್ವಂತ ನೆಂಟರು ಬರುವುದಕ್ಕೂ ಅನುಮತಿ ಬೇಕಾಗಿತ್ತು.

ಆದರೆ ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ನಾಟಿದ ಸಂಗತಿ ಬೇರೆಯದು. ಗೋಡೆ ಎಷ್ಟೇ ಎತ್ತರವಿದ್ದರೂ ಊರು ಇರುವುದು ತಗ್ಗಿನಲ್ಲಿ. ಇಳಿಜಾರಿನ ಮೇಲೆ ನಿಂತರೆ ಆಚೆಯ ಮನೆ, ಅಂಗಳ, ಅಂಗಳದಲ್ಲಿರುವ ಅಣ್ಣನೋ ಅತ್ತೆಯೋ ಕಾಣುತ್ತಿದ್ದರು. ಪಶ್ಚಿಮದವರು ಕೈ ಬೀಸಬಹುದಿತ್ತು, ಬೀಸುತ್ತಲೂ ಇದ್ದರು. ಪೂರ್ವದವರು ಮಾತ್ರ ತಿರುಗಿ ಕೈ ಬೀಸಕೂಡದೆಂದು ನಿಷೇಧವಿತ್ತು. ಕೂಗಿ ಕ್ಷೇಮ ಕೇಳುವಂತಿಲ್ಲ, ಕೈಯೆತ್ತಿ ನಮಸ್ಕರಿಸುವಂತಿಲ್ಲ. ಎರಡು ಜರ್ಮನಿಗಳ ನಡುವೆ ಒಪ್ಪಂದವಾಗಿ, 1973ರಿಂದ ಪಶ್ಚಿಮದ ಗಡಿಜಿಲ್ಲೆಗಳ ಜನ ಪೂರ್ವದ ಗಡಿಜಿಲ್ಲೆಗಳಿಗೆ ಹೋಗಿಬರಲು ಅವಕಾಶವಾಯಿತು. ಆದರೆ ನಿಷಿದ್ಧ ವಲಯದೊಳಕ್ಕೆ ಪ್ರವೇಶವಿರಲಿಲ್ಲ. ಹೀಗಾಗಿ ಪಶ್ಚಿಮ ಮೋಡ್ಲರಾಯ್ಟಿನವನು ದೂರದ ಪಟ್ಟಣಗಳನ್ನೆಲ್ಲ ನೋಡಿಬರಬಹುದಾಗಿತ್ತು, ಕಣ್ಣೆದುರಿಗಿರುವ ಪೂರ್ವ ಮೋಡ್ಲರಾಯ್ಟಿಗೆ ಮಾತ್ರ ಹೋಗುವಂತಿರಲಿಲ್ಲ. ಅದೇ 1973ರಲ್ಲಿ ಒಬ್ಬಾತ ವಾಹನವೊಂದನ್ನು ಗೋಡೆಯ ಬಳಿಗೇ ಓಡಿಸಿಕೊಂಡು ಬಂದು, ಅದರ ಮೇಲಿನಿಂದ ಏಣಿಯ ನೆರವಿನಿಂದ ಗೋಡೆಯನ್ನು ದಾಟಿ ಪಶ್ಚಿಮಕ್ಕೆ ಹಾರಿಕೊಂಡನು. ಅವನ ಧೈರ್ಯವನ್ನು ಮೆಚ್ಚಬೇಕಾದದ್ದೇ. ಆದರೆ ಹಾರದೆ ಉಳಿದವರು, ದಿನವೂ ಅಂಗಳಕ್ಕೆ ಬಂದು ಕೈಯನ್ನು ಕಟ್ಟಿಕೊಂಡು ನಿಂತವರು, ಅವರ ದುಃಖ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ.

1989ರ ನವೆಂಬರ್ 9ರಂದು ಬರ್ಲಿನ್ನಿನ ಗೋಡೆ ತೆರೆಯಿತು. ಜಗತ್ತೆಲ್ಲ ಸಂಭ್ರಮಿಸಿತು. ಪುಟ್ಟ ಬರ್ಲಿನ್ನಿನ ಗೋಡೆ ಆಗಲೂ ನಿಂತೇ ಇತ್ತು. ಸರಿಯಾಗಿ ಒಂದು ತಿಂಗಳಾದ ಮೇಲೆ, ಡಿಸೆಂಬರ್ 9ರಂದು, ಅಲ್ಲಿ ನಡೆದು ಹೋಗುವವರಿಗಾಗಿ ಒಂದು ದಾರಿ ತೆರೆಯಿತು. ಮೂವತ್ತೇಳು ವರ್ಷಗಳ ಬಳಿಕ ಜನರು ತಮ್ಮ ಊರಿನ ಮತ್ತೊಂದು ದಡಕ್ಕೆ ಕಾಲಿಟ್ಟರು. 1990ರ ಜೂನ್ 17ರಂದು ಯಂತ್ರವನ್ನು ತಂದು ಗೋಡೆಯನ್ನು ಕೆಡವತೊಡಗಿದರು. ಅದೇ ವರ್ಷದ ಅಕ್ಟೋಬರ್ 3ರಂದು ಎರಡು ಜರ್ಮನಿಗಳು ಒಂದಾದವು.

ಈಗ ಅಲ್ಲಿಗೆ ಹೋದವರು ಏನನ್ನು ನೋಡಬಹುದು? ಅರಮನೆಯಿಲ್ಲ, ಗೋಪುರವೆಂದರೆ ಕಾವಲು ಗೋಪುರ. ಗೋಡೆಯ ಒಂದು ತುಂಡನ್ನು ಬೇಕೆಂದೇ ಕೆಡವದೆ ಉಳಿಸಿದ್ದಾರೆ. ಅದರ ಪಕ್ಕದಲ್ಲಿ ತಂತಿಬೇಲಿ, ಉತ್ತ ನೆಲದ ಪಟ್ಟಿ, ಕಾವಲಿನ ದಾರಿ, ಇವೆಲ್ಲ ಬಯಲು ವಸ್ತುಸಂಗ್ರಹಾಲಯವಾಗಿ ಕಾದಿರಿಸಲ್ಪಟ್ಟಿವೆ. ಉಳಿದಂತೆ ಸುಮಾರು 1,400 ಕಿಲೋಮೀಟರ್ ಉದ್ದದ ಆ ಹಳೆಯ ಗಡಿಪಟ್ಟಿಯ ಬಹುಭಾಗ ಇಂದು ಗಿಡಗಂಟಿ, ಹಕ್ಕಿಪಕ್ಷಿಗಳಿಗೆ ಆಶ್ರಯವಾದ ಹಸುರು ಪಟ್ಟಿಯಾಗಿದೆ. ಮನುಷ್ಯರನ್ನು ಹತ್ತಿರ ಸೇರಿಸದಿದ್ದ ನೆಲದಲ್ಲಿ ಹಕ್ಕಿಗಳು ಸುಖವಾಗಿದ್ದುವು, ಈಗಲೂ ಇವೆ. ತೊರೆಯ ಬದಿಯಲ್ಲಿ ಬಾಗಿ ನೋಡಿದರೆ 1810ರ ಗಡಿಕಲ್ಲುಗಳೂ ಕಾಣಸಿಗುತ್ತವೆ.

ಮೇಷ್ಟ್ರ ಪ್ರಶ್ನೆಗೆ ಉತ್ತರ ಇರುವುದು ಆ ಕಲ್ಲುಗಳ ಬಳಿಯಲ್ಲಿಯೇ. ಅವು ಈಗಲೂ ಸುಳ್ಳು ಹೇಳುತ್ತಿಲ್ಲ. ದಕ್ಷಿಣದ ದಡ ಇಂದಿಗೂ ಬವೇರಿಯ, ಟೋಪೆನ್ ಪಂಚಾಯಿತಿಗೆ ಸೇರಿದ್ದು. ಉತ್ತರದ ದಡ ಇಂದಿಗೂ ಥುರಿಂಗಿಯ, ಗೆಫೆಲ್ ಪಟ್ಟಣದ ಆಡಳಿತಕ್ಕೆ ಒಳಪಟ್ಟದ್ದು. ಊರಿಗೆ ಇಬ್ಬರು ಅಧ್ಯಕ್ಷರು, ಅಂಚೆಯ ಸಂಖ್ಯೆ ಎರಡು, ದೂರವಾಣಿಯ ಸಂಖ್ಯೆ ಎರಡು ಬಗೆ, ವಾಹನದ ಫಲಕ ಎರಡು ಬಗೆ, ಶಾಲೆಯ ರಜೆಯ ದಿನಗಳೂ ಬೇರೆ ಬೇರೆ. ಇಷ್ಟೆಲ್ಲ ಭೇದವಿದ್ದೂ ಯಾರೊಬ್ಬರೂ ಅಲ್ಲಿ ಅಳುತ್ತಿಲ್ಲ. ತೊರೆಯನ್ನು ದಾಟಿ ಹೋಗುತ್ತಾರೆ, ಬರುತ್ತಾರೆ.

ಹಾಗಾದರೆ ಆ ಮೂವತ್ತೇಳು ವರ್ಷಗಳಲ್ಲಿ ಶತ್ರುವಾಗಿದ್ದದ್ದು ಯಾವುದು? ಗಡಿಯೇ ಶತ್ರುವಾಗಿದ್ದರೆ 1810ರಿಂದ 1945ರವರೆಗೂ ಅದು ಶತ್ರುವಾಗಿರಬೇಕಿತ್ತು, ಇಂದೂ ಆಗಿರಬೇಕಿತ್ತು. ಅದೇ ತೊರೆ, ಅದೇ ಕಲ್ಲು, ಅದೇ ಗೆರೆ. ಬದಲಾದದ್ದು ಒಂದೇ: ಗೆರೆಯಾಚೆಯ ಮನುಷ್ಯನೊಡನೆ ಈಚೆಯವನು ಮಾತಾಡಕೂಡದೆಂಬ ಆಜ್ಞೆ. ಆದುದರಿಂದ ನನ್ನ ಅಲ್ಪಮತಿಗೆ ತೋಚುವುದೇನೆಂದರೆ, ಮನುಷ್ಯನ ಶತ್ರು ಗಡಿಯಲ್ಲ, ನಿಷೇಧ. ಗಡಿಯೆಂಬುದು ಯಾವುದು ಯಾರ ಹೊಣೆ ಎಂದು ಹೇಳುವ ಒಂದು ಗುರುತು. ಅದನ್ನು ದಾಟಿ ಕೈ ಬೀಸುವ ಹಕ್ಕನ್ನು ಕಸಿದುಕೊಂಡ ದಿನ ಅದು ಗೋಡೆಯಾಗುತ್ತದೆ, ಕಾಂಕ್ರೀಟು ಬರುವುದು ಆಮೇಲೆ. ಮೋಡ್ಲರಾಯ್ಟಿನಲ್ಲಿ ಆಜ್ಞೆ ಬಂದದ್ದು 1952ರಲ್ಲಿ, ಕಾಂಕ್ರೀಟು ಬಂದದ್ದು ಹದಿನಾಲ್ಕು ವರ್ಷಗಳ ನಂತರ.

ಇದಕ್ಕೆ ಆಕ್ಷೇಪವಿಲ್ಲದಿಲ್ಲ. ಗೆರೆಯೇ ಇಲ್ಲದಿದ್ದರೆ ಲಂಡನ್ನಿನ ಮೇಜಿನವರು ಏನನ್ನು ಹಿಡಿದು ಗೋಡೆ ಕಟ್ಟಿಸುತ್ತಿದ್ದರು, ಹಾವಿನ ಮೊಟ್ಟೆಯನ್ನು ಮೊಟ್ಟೆಯಾಗಿರುವಾಗಲೇ ಒಡೆಯಬೇಡವೇ ಎಂದು ನನ್ನ ಸಹಸ್ಪರ್ಧಿಯಾಗಿದ್ದ ಗೆಳತಿ ವಾದಿಸುತ್ತಾಳೆ. ಮಾತಿನಲ್ಲಿ ಸತ್ಯವಿದೆ. ಹಳೆಯ ಗೆರೆ ಹೊಸ ಕೇಡಿಗೆ ಸುಲಭದ ದಾರಿಯಾದದ್ದು ನಿಜ. ಆದರೆ ಬರ್ಲಿನ್ ನಗರದ ನಡುವೆ ಹಾಗೆ ಎರಡು ರಾಜ್ಯಗಳ ಹಳೆಯ ಗೆರೆ ಇರಲಿಲ್ಲ. ಅಲ್ಲಿದ್ದದ್ದು ಪೇಟೆ ಬಡಾವಣೆಗಳ ಎಲ್ಲೆ ಮಾತ್ರ. ಗೋಡೆ ಅಲ್ಲಿಯೂ ಎದ್ದಿತು. ಕಟ್ಟಬೇಕೆಂದು ಹೊರಟವನಿಗೆ ಗೆರೆಯ ಬರವಿಲ್ಲ. ಬೀದಿ ಸಾಕು, ಚರಂಡಿ ಸಾಕು.

ಒಂದು ಮನೆಯ ಮಾತನ್ನು ಹೇಳಿ ಮುಗಿಸುತ್ತೇನೆ. ನಾನು ಚಿಕ್ಕವನಿದ್ದಾಗ ನಮ್ಮ ತಂದೆಯವರಿಗೂ ದೊಡ್ಡಪ್ಪನವರಿಗೂ ಪಾಲಾಯಿತು. ಪಡಸಾಲೆಯ ನಡುವೆ ಗೋಡೆ ಎದ್ದಿತು. ನಾನು ಆ ಗೋಡೆಯನ್ನು ಎಷ್ಟು ದ್ವೇಷಿಸಿದೆನೆಂದರೆ, ಆ ಚರ್ಚಾಸ್ಪರ್ಧೆಯಲ್ಲಿ ಮೇಜು ಗುದ್ದಿದ್ದೂ ಅದರ ನೆನಪಿನಿಂದಲೇ. ಆದರೆ ಪಾಲಿನ ದಿನ ನಮ್ಮ ಅಜ್ಜಿ ಪಂಚರ ಮುಂದೆ ಒಂದೇ ಮಾತಿಗೆ ಹಟ ಹಿಡಿದಿದ್ದಳಂತೆ: ಹಿತ್ತಲ ಬಾವಿ ಪಾಲಾಗಕೂಡದು. ಅದರಂತೆ ಬಾವಿ ಇಬ್ಬರಿಗೂ ಉಳಿಯಿತು. ಅಮ್ಮನೂ ದೊಡ್ಡಮ್ಮನೂ ಎಷ್ಟೇ ಮುನಿಸಿಕೊಂಡಿದ್ದರೂ ಬೆಳಗ್ಗೆ ನೀರು ಸೇದುವಾಗ ಒಬ್ಬರ ಕೊಡಕ್ಕೆ ಇನ್ನೊಬ್ಬರು ಕೈ ಕೊಡಬೇಕಾಗುತ್ತಿತ್ತು. ಮೂರನೆಯ ವರ್ಷಕ್ಕೆ ಮಾತು ಬಂತು. ಗೋಡೆ ಈಗಲೂ ಇದೆ. ನಾನು ಈಗಲೂ ದೊಡ್ಡಮ್ಮನ ಕೈಯ ಹುಳಿಯನ್ನು ಉಣ್ಣುತ್ತೇನೆ. ಗೋಡೆಯನ್ನು ದ್ವೇಷಿಸುವುದರಲ್ಲಿ ಮುಳುಗಿದ್ದ ನಾನು ಬಾವಿಯನ್ನು ಗಮನಿಸಿರಲಿಲ್ಲ.

ಆದುದರಿಂದ ಸಹಪಾಠಿ ಮಿತ್ರರೇ, ಇನ್ನು ಮುಂದೆ ಯಾವುದೇ ಗಡಿಯ ವಿಚಾರದಲ್ಲಿ, ಅದು ದೇಶದ್ದಾಗಲಿ, ರಾಜ್ಯದ್ದಾಗಲಿ, ಜಾತಿಯದಾಗಲಿ, ನಮ್ಮ ವಿದ್ಯಾರ್ಥಿನಿಲಯದ ಎರಡು ಪಂಕ್ತಿಗಳದಾಗಲಿ, "ಇದು ಏಕಿದೆ?" ಎಂದು ಕೇಳುವ ಮೊದಲು "ಇದನ್ನು ದಾಟಿ ಕ್ಷೇಮ ಕೇಳಬಹುದೇ?" ಎಂದು ಕೇಳೋಣ. ಕೇಳಬಹುದಾದರೆ ಅದು ತೊರೆ, ಇದ್ದರೆ ಇರಲಿ. ಕೇಳಬಾರದೆಂದು ಯಾರಾದರೂ ಹೇಳಿದರೆ, ಗೋಡೆ ಇನ್ನೂ ಎದ್ದಿಲ್ಲವಲ್ಲ ಎಂದು ಸುಮ್ಮನೆ ಕೂಡದೆ ಅಂದೇ ಎದ್ದು ನಿಲ್ಲೋಣ.

ಮೋಡ್ಲರಾಯ್ಟಿನ ಬವೇರಿಯದ ದಡದಲ್ಲಿ ಎದುರಾದವರಿಗೆ "ಗ್ರೂಸ್ ಗಾಟ್" ಎಂದು ವಂದಿಸುವುದು ವಾಡಿಕೆ. ಥುರಿಂಗಿಯದ ದಡದಲ್ಲಿ "ಗುಟೆನ್ ಟಾಗ್" ಎನ್ನುತ್ತಾರೆ. ನಲವತ್ತೈವತ್ತು ಜನರ ಊರಿನಲ್ಲಿ ನಮಸ್ಕಾರವೂ ಎರಡು ಬಗೆ. ಒಬ್ಬರು ಒಂದು ಬಗೆಯಲ್ಲಿ ಹೇಳುತ್ತಾರೆ, ಮತ್ತೊಬ್ಬರು ಇನ್ನೊಂದು ಬಗೆಯಲ್ಲಿ ಮರುನುಡಿಯುತ್ತಾರೆ. ನಡುವೆ ಟಾನ್‌ಬಾಖ್ ತನ್ನ ಪಾಡಿಗೆ ತಾನು ಹರಿಯುತ್ತಿರುತ್ತದೆ. ಮೇಷ್ಟ್ರ ಪ್ರಶ್ನೆಗೆ ನನ್ನ ಉತ್ತರ ಇದು. ಒಂದು ವರ್ಷ ತಡವಾಗಿದ್ದಕ್ಕೆ ಅವರು ಕ್ಷಮಿಸಬೇಕು.